ಮುಖಗಳ ಹಾಳೆ

ಅಕ್ಕಾ,

ನೀನು ಸ್ನಾನಕ್ಕೆ ಹೋದವಳು ಹೊರಗೆ ಬರುವ ಲಕ್ಷಣವಿಲ್ಲ, ನನಗೆ ಕೆಲಸಕ್ಕೆ ಹೊತ್ತಾಯಿತು. ನಿನ್ನ ಮಗಳು ಗುಬ್ಬಿಯನ್ನು ಹನ್ನೊಂದಕ್ಕೆ ಮಕ್ಕಳ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕು. ಫೈಲು ಫ್ರಿಜ್ ಮೇಲಿದೆ.

ಮಗುವಿಗೆ ಹೇಗನಿಸುತ್ತದೆ ಅಂತ ಗುರುತು ಹಾಕಲು ಅಲ್ಲಿ ಕೊಡುವ ಮುಖಗಳ ಹಾಳೆಯನ್ನು ಈ ಸಲ ನೀನು ತುಂಬಬೇಡ. ಹೋದ ಸಲ ಐದು ಪ್ರಶ್ನೆಗೂ ನಗುವ ಮುಖಕ್ಕೇ ಗುರುತು ಹಾಕಿಬಿಟ್ಟೆ. "ಇಷ್ಟು ಖುಷಿಯಾಗಿರೋ ಮಗೂಗೆ ದಿನಾ ಸ್ಕೂಲಿಗೆ ಹೊರಡೋ ಹೊತ್ತಿಗೇ ಯಾಕಮ್ಮ ಹೊಟ್ಟೆನೋವು?" ಅಂತ ನರ್ಸ್ ಕೇಳಿದಾಗ ನೀನು ಫ್ಯಾನ್ ನೋಡುತ್ತಾ ಕೂತೆ. ರಕ್ತ, ಸ್ಕ್ಯಾನ್ ಎಲ್ಲ ಸರಿಯಿದೆ. ಇನ್ನು ಅವಳನ್ನೇ ಕೇಳುವುದೊಂದು ಬಾಕಿ.

ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂದಾರು ಅಂದೆಯಲ್ಲ, ಅವರೀಗ ಕೂರುವುದು ಅದೇ ಕ್ಲಿನಿಕ್ಕಿನಲ್ಲಿ, ತೂಕದ ಯಂತ್ರದ ಪಕ್ಕದ ಕೋಣೆಯಲ್ಲೇ. ಅದೇ ಟೋಕನ್, ಅದೇ ಬೆಂಚು. ನೋಡಿದವರು ನೆಗಡಿ ಅಂದುಕೊಳ್ಳುತ್ತಾರೆ.

ಪೆನ್ಸಿಲ್ ಗುಬ್ಬಿಯ ಕೈಗೆ ಕೊಡು. ಅವಳು ಅಳುವ ಮುಖಕ್ಕೆ ಗುರುತು ಹಾಕಿದರೆ ರಬ್ಬರ್ ಹುಡುಕಬೇಡ. ಅದು ನನ್ನ ಬ್ಯಾಗಿನಲ್ಲಿದೆ.

ಈ ಚೀಟಿಯ ಹಿಂದೆ ನಿನಗೂ ಮೂರು ಮುಖ ಬರೆದಿದ್ದೇನೆ. ಹೊರಡುವ ಮೊದಲು ಒಂದಕ್ಕೆ ಗುರುತು ಹಾಕು. ಗುಬ್ಬಿಯ ಹತ್ತಿರ ಹಾಕಿಸಬೇಡ.

ತಂಗಿ