ಬೇಳೆಯಲ್ಲದ ಪಲ್ಯ

ಚಾಮರಾಜಪೇಟೆ, ೧೯೪೯

ರೇವಣ್ಣ,

ಅಂದು ನಮ್ಮ ಮನೆಯಲ್ಲಿ ನೀನು ಎರಡು ಸಲ ಹಾಕಿಸಿಕೊಂಡು ತಿಂದದ್ದು ಬೇಳೆ ಪಲ್ಯವಲ್ಲ, ಮೀನಿನ ಮೊಟ್ಟೆ. ಕೊರಳಲ್ಲಿ ಲಿಂಗವಿದ್ದ ನಿನಗೆ ಸುಳ್ಳು ಹೇಳಿದೆ. ನಾನು ಸ್ಕೂಲು ಬಿಟ್ಟ ಮೇಲೂ ಮಾತಾಡಿಸುತ್ತಿದ್ದವನು ನೀನೊಬ್ಬನೇ; ನಮ್ಮಲ್ಲಿ ಒಮ್ಮೆ ಉಣ್ಣಲಿ ಅನಿಸಿತ್ತು.

ಇವತ್ತು ಹಿತ್ತಿಲ ಒಲೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಕ್ಯಾರೆಟ್, ಹುರುಳಿಕಾಯಿ, ಬಟಾಣಿ ಬೆಂದ ಮೇಲೆ ಅರಿಶಿನ ಹಚ್ಚಿದ ಮೊಟ್ಟೆಯನ್ನು ಉದುರಿಸಿದೆ. ಹಿತ್ತಿಲ ಗೋಡೆಯಾಚೆಯಿಂದ ನಿಮ್ಮಮ್ಮ ಇಣುಕಿದರು.

"ರೇವಣ್ಣ ಹೇಳ್ತಿದ್ದ ಹಳದಿ ಪಲ್ಯ ಇದೇ ಕಣೋ! ಕೊನೇ ಜ್ವರದಲ್ಲಿ ಈ ಪಲ್ಯಾನೇ ಕೇಳ್ದ. ಮೂರು ಸಲ ಬೇಳೆ ಹಾಕಿ ಮಾಡ್ದೆ, ಇದಲ್ಲಮ್ಮ ಅಂದ್ಬಿಟ್ಟ. ಏನ್ ಹಾಕ್ತೀಯೋ ಇದಕ್ಕೆ?"

ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ.

"ಆಗ್ಲೇ ಹೇಳಿದ್ರೆ ನಾನೇ ಬಂದು ಇಸ್ಕೊಂಡ್ ಹೋಗ್ತಿದ್ನಲ್ಲೋ," ಅಂದರು.

ನನಗೆ ತಿನ್ನಲಾಗಲಿಲ್ಲ. ನಾಳೆ ಬೆಳಗಿನ ರೈಲಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೇನೆ.