ಒಂದೇ ಏಟು

ಗುರುವಾರ, ಮಧ್ಯಾಹ್ನ

ನನ್ನ ಚಿನ್ನದಂಥ ಅಕ್ಕನಿಗೆ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಪತ್ರ, ನಾಲ್ಕು ಫೋನು, ಒಂದಕ್ಕೂ ನಾನು ಉತ್ತರ ಕೊಟ್ಟಿಲ್ಲ. ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದು ದಿನ (ಎಣಿಸುತ್ತಿದ್ದೇನೆ, ನಗು!). ಅದರಲ್ಲಿ ಅರವತ್ತು ದಿನ ಖುಷಿಯಲ್ಲಿ ಪೆನ್ನು ಹಿಡಿಯಲಿಲ್ಲ, ಕೊನೆಯ ಹನ್ನೊಂದು ದಿನ ಹಿಡಿಯಲಾಗಲಿಲ್ಲ. ಇಂಗ್ಲಿಷ್ ಶಾಲೆಯವಳ ಕನ್ನಡ, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀನೇ ಹಾಕಿಕೊಂಡು ಓದು.

ಇವರು ಚೆನ್ನಾಗಿದ್ದಾರೆ. ಹುಬ್ಬಿನ ಮೇಲೆ ಏಳು ಹೊಲಿಗೆ, ಒಂದು ಪಕ್ಕೆಲುಬು ಬಿರುಕು, ಮುಂದಿನ ಎರಡು ಹಲ್ಲು ಇಲ್ಲ. ‘ಸಂಗೀತ’ ಅನ್ನಲು ಹೋದರೆ ‘ಸ’ ಸಿಳ್ಳೆಯಾಗಿ ಹೊರಡುತ್ತದೆ. ಆದರೂ ನನ್ನ ಕಣ್ಣಿಗೆ ಮಹಾರಾಜನೇ ಕಣೇ! ಸ್ಟ್ರಾದಲ್ಲಿ ಸೂಪು ಹೀರುವ ಮಹಾರಾಜ.

“ಪೇಪರಿನಲ್ಲಿ ಬಂದದ್ದು ಬೇಡ, ನಡೆದದ್ದು ಬರಿ” ಅಂದಿದ್ದೀಯ. ಸೋಮವಾರ ಹತ್ತು ಗಂಟೆಗೆ ಠಾಣೆಯಲ್ಲಿ ನನ್ನ ಹೇಳಿಕೆಗೆ ಸಹಿ ಹಾಕಬೇಕು. ಎಷ್ಟು ಏಟು ಹೊಡೆದೆ ಅನ್ನುವುದೊಂದೇ ಪ್ರಶ್ನೆ. ನಾನು ಒಂದು ಅಂದಿದ್ದೇನೆ, ಏಟು ತಿಂದ ಬೆಣ್ಣೆ ಎರಡು ಅನ್ನುತ್ತಿದ್ದಾನೆ. ಒಂದಾದರೆ ಗಂಡನ ಪ್ರಾಣ ಉಳಿಸಲು ಹೊಡೆದದ್ದು, ತಪ್ಪೆಲ್ಲ ಅವನದೇ, ಅವನು ಒಳಗೆ. ಎರಡಾದರೆ ನನ್ನ ಮೇಲೂ ಕೇಸು.

ಬೆಣ್ಣೆ ನಿನಗೆ ನೆನಪಿರಬೇಕು. ವಾದ್ಯವೃಂದದಲ್ಲಿ ಒಂಬತ್ತು ವರ್ಷ ನನ್ನ ಪಕ್ಕದ ಕುರ್ಚಿಯವನು. ಬಿಲ್ಲು ತಂತಿಯ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ ಅಂತ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಇಬ್ಬರು ಪಿಟೀಲಿನವರಿಗೆ ಒಂದೇ ಸ್ಟ್ಯಾಂಡು, ಅದರ ಮೇಲೆ ಒಂದೇ ಸ್ವರಪುಸ್ತಕ. ಹೊರಬದಿಯವನು ನಿಲ್ಲಿಸದೆ ನುಡಿಸುತ್ತಾನೆ, ಒಳಬದಿಯವಳು ಬಿಲ್ಲು ಇಳಿಸಿ ಪುಟ ತಿರುಗಿಸುತ್ತಾಳೆ. ನಾನು ಒಳಬದಿ. ನಾಲ್ಕು ವರ್ಷದ ಹಿಂದೆ ಪಿಟೀಲು ಪೆಟ್ಟಿಗೆಗೆ ಸೇರಿಸಿ ಅದೇ ಸಂಸ್ಥೆಯ ಆಫೀಸಿಗೆ ಬಂದೆ. ತಾಲೀಮಿನ ವೇಳಾಪಟ್ಟಿ, ಸಭಾಂಗಣದ ಬುಕಿಂಗು, ಆಡಿಷನ್ನು, ಎಲ್ಲ ನನ್ನ ಮೇಜಿನ ಮೇಲೆಯೇ. ನಿರ್ದೇಶಕರಾದ ಇವರೂ ನನ್ನ ಮೇಜಿನ ಮೇಲೆಯೇ ಬಿದ್ದರು ಅಂತ ನೀನು ಮದುವೆಯಲ್ಲಿ ಗೇಲಿ ಮಾಡಿದ್ದೆಯಲ್ಲ!

ಈ ಸಲದ ಆಡಿಷನ್ನಿನಲ್ಲಿ ಬೆಣ್ಣೆ ಉಳಿಯಲಿಲ್ಲ. ಪರದೆಯ ಹಿಂದೆ ಕೂತು ನುಡಿಸಿದವರಲ್ಲಿ ಅವನಿಗಿಂತ ಚಿಕ್ಕವಳೊಬ್ಬಳಿಗೆ ಹೆಚ್ಚು ಅಂಕ ಬಂತು. ‘ಮುಂದಿನ ಹಂಗಾಮಿನಿಂದ ತಮ್ಮ ಸೇವೆಯ ಅಗತ್ಯವಿಲ್ಲ’ ಅನ್ನುವ ಪತ್ರವನ್ನು ಟೈಪು ಮಾಡಿದವಳು ನಾನು.

ಆ ಭಾನುವಾರ ಬೆಳಿಗ್ಗೆ ತಾಲೀಮು ಮುಗಿಸಿ ಎಲ್ಲರೂ ಹೋಗಿದ್ದರು. ಅವನು ಪತ್ರ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತ.

“ಇದನ್ನ ಬರೆದವಳು ನೀನಾ? ಪುಟ ತಿರುಗಿಸ್ತಿದ್ದವಳು ಈಗ ಪುಟಾನೇ ಹರೀತೀಯಾ?”

ಇವರು ಒಳಗಿನಿಂದ ಬಂದು, “ಮಾತಾಡೋದಿದ್ರೆ ಕೂತು ಮಾತಾಡಪ್ಪ” ಅಂದರು.

“ಹದಿನೆಂಟು ವರ್ಷ ಕೂತೇ ಬಾರಿಸಿದೀನಿ. ಇವತ್ತು ನಿಂತೇ ಬಾರಿಸ್ತೀನಿ” ಅಂದವನೇ ಪಿಟೀಲು ಪೆಟ್ಟಿಗೆಯನ್ನು ಬೀಸಿದ. ಅದರ ಲೋಹದ ಮೂಲೆ ಇವರ ಹುಬ್ಬಿಗೆ ಬಡಿಯಿತು. ಚರ್ಮ ಒಡೆದು ರಕ್ತ ಕಣ್ಣಿಗಿಳಿಯಿತು. ಎರಡನೆಯದು ಬಾಯಿಗೆ. ಹಲ್ಲು ನನ್ನ ಟೈಪ್‌ರೈಟರಿನ ಮೇಲೆ ಬಂದು ಬಿತ್ತು ಅಕ್ಕ, ಟಕ್ ಅಂತ, ಒಂದು ಅಕ್ಷರ ಹೊಡೆದ ಹಾಗೆ. ಇವರು ಗೋಡೆಗೆ ಒರಗುತ್ತಾ ಕುಸಿದರು. ಅವನು ಬೂಟುಗಾಲಿನಲ್ಲಿ ಪಕ್ಕೆಗೆ ಒದೆಯತೊಡಗಿದ. ಒಂದೊಂದು ಒದೆತಕ್ಕೂ “ಅಗತ್ಯವಿಲ್ಲ, ಅಗತ್ಯವಿಲ್ಲ” ಅನ್ನುತ್ತಿದ್ದ, ತಾಳ ತಪ್ಪದೆ.

ಮೂಲೆಯಲ್ಲಿ ವಾದ್ಯವೃಂದ ನಡೆಸುವ ಸಂಚಾಲಕರ ಸ್ಟ್ಯಾಂಡಿತ್ತು. ಬುಡ ಬೀಡುಕಬ್ಬಿಣ. ತಲೆಕೆಳಗೆ ಹಿಡಿದು ಎತ್ತಿ ಹೊಡೆದೆ. ಅವನು ಮತ್ತೆ ಪೆಟ್ಟಿಗೆ ಎತ್ತಿದ್ದ ಕೈಗೇ ಬಿತ್ತು. ಎಡಗೈಯ ಎರಡು ಬೆರಳು ಪುಡಿ, ಅಂಗೈ ಮೂಳೆ ಮುರಿದಿದೆ. ಅಷ್ಟೇ, ಒಂದೇ ಏಟು.

ಈಗ ನಾನು ಹೀರೋಯಿನ್ನು! “ತಲೆಗೆ ಬಿದ್ದಿದ್ರೆ ಸತ್ತೇ ಹೋಗಿರೋನು. ಕೈಗೆ ಹೊಡೆದು ಅವನ ಜೀವಾನೂ ಉಳಿಸಿದ್ರಿ, ಎಂಥಾ ಮೃದು ಮನಸ್ಸಮ್ಮ ನಿಮ್ಮದು” ಅಂದರು ಇನ್ಸ್‌ಪೆಕ್ಟರು. ಗೇಟಿನವನು, “ಮೇಡಂ, ಇನ್ಮೇಲೆ ರಜೆ ಕೇಳೋಕೂ ಹೆಲ್ಮೆಟ್ ಹಾಕ್ಕೊಂಡೇ ಬರ್ತೀವಿ” ಅನ್ನುತ್ತಾನೆ. ಮದುವೆ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ “ಬಡಕಲು” ಅಂದಿದ್ದ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಾರೆ: “ನಾನು ಮೂವತ್ತೈದು ವರ್ಷ ಸಾಕಿದ್ದನ್ನ ಇವಳು ಒಂದೇ ಏಟಿಗೆ ಉಳಿಸ್ಕೊಂಡಳು.”

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಗಳ ಎರಡೂ ಕೆನ್ನೆಗೆ ನನ್ನ ಪರವಾಗಿ ಕಚ್ಚು. ನಿನ್ನ ಹರಕೆ ನಮ್ಮಿಬ್ಬರ ತಲೆಯ ಮೇಲಿರಲಿ, ನಿನ್ನ ಮನೆ ತಂಪಾಗಿರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಮೇಲೆ ಬರೆದದ್ದು ಠಾಣೆಗೆ ಹೇಳಿದ್ದು. ನೀನು ಕೇಳಿದ್ದು ಇದು.

ಮೊದಲ ಏಟು ಅವನ ಹೆಗಲಿಗೆ ಬಿತ್ತು. ಪೆಟ್ಟಿಗೆ ದೂರ ಹಾರಿತು, ಅವನು ಮೊಣಕಾಲೂರಿ ಬಿದ್ದ. ಅಲ್ಲಿಗೆ ಜಗಳ ಮುಗಿದಿತ್ತು. ಏಳಲು ಎಡಗೈಯನ್ನು ನನ್ನ ಮೇಜಿನ ಅಂಚಿಗೆ ಊರಿದ. ಬೆರಳುಗಳು ಅಗಲವಾಗಿ ಹರಡಿಕೊಂಡಿದ್ದವು. ಒಂಬತ್ತು ವರ್ಷ ಗೇಣು ದೂರದಿಂದ ನಾನು ನೋಡಿದ ಕೈ. ನಾನು ಬಿಲ್ಲು ಇಳಿಸಿ ಪುಟ ತಿರುಗಿಸುವಾಗ ಒಮ್ಮೆಯೂ ನಿಲ್ಲದ ಬೆರಳು. ನಾನು ಸ್ಟ್ಯಾಂಡು ಎತ್ತಿದ್ದನ್ನು ಅವನು ನೋಡಿದ. “ಬೇಡ ಕಣೇ, ಕೈ ಬೇಡ, ತಲೆಗೆ ಹೊಡಿ” ಅಂದ. ಕೈಗೇ ಹೊಡೆದೆ. ಗುರಿಯಿಟ್ಟು ಹೊಡೆದೆ. ಮೂಳೆ ಮುರಿದ ಸದ್ದು ಕೇಳಿದಾಗ ನನ್ನೊಳಗೆ ಎಷ್ಟು ಹಾಯಾಯಿತು ಅಂತ ಹೇಳಿದರೆ ನೀನು ನನ್ನನ್ನು ತಂಗಿ ಅನ್ನಲಾರೆ.

ಇವರ ಕಣ್ಣಿಗೆ ರಕ್ತ ಇಳಿದಿತ್ತಲ್ಲ, ಏನೂ ಕಾಣಿಸಿರಲಿಲ್ಲ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಎಂದಿನಂತೆ ಇವರ ಕೈ ಹಿಡಿಯಲು ಹೋದೆ. ಬೆಚ್ಚಿಬಿದ್ದು ಎಡಗೈಯನ್ನು ಜೇಬಿಗೆ ಹಾಕಿಕೊಂಡರು. ಇವರೂ ಪಿಟೀಲಿನವರೇ ಅಲ್ಲವೇ ಅಕ್ಕ.

“ನಾನು ಎಷ್ಟು ಏಟು ಹೊಡೆದೆ?” ಅಂತ ಕೇಳಿದೆ.

“ಒಂದೇ” ಅಂದರು. ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬರುತ್ತೀಯಾ? ಎರಡು ಅಂತ ಹೇಳುವಾಗ ಪಕ್ಕದಲ್ಲಿ ನೀನಿರಬೇಕು.