ಗೋಡೆಯಲ್ಲಿ ಇಲ್ಲದ ಹದಿನೈದು ವರ್ಷ

ಕೂಡುಗು, ಮಾರ್ಚ್ ೧೪, ಗುರುವಾರ

ಶಾಲೆಯ ಗೋಡೆಗೆ ಬರೆಸಿದ ನಮ್ಮ ಬುರ್ಕಿನಾ ದೇಶದ ಚರಿತ್ರೆಯಲ್ಲಿ ೧೯೩೨ರಿಂದ ೧೯೪೭ರವರೆಗೆ ಏನೂ ಇಲ್ಲ. ಫ್ರೆಂಚರು ದೇಶವನ್ನೇ ಅಳಿಸಿ ನೆರೆಯ ಮೂರು ವಸಾಹತುಗಳಿಗೆ ಹಂಚಿದ್ದ ಕಾಲ ಅದು. ಅಪ್ಪ ಹುಟ್ಟಿದ್ದು ಆಗಲೇ. ಮುಖ್ಯೋಪಾಧ್ಯಾಯ ನಿಕಿಯೆಮಾ ಅವರೊಂದಿಗೆ ವಾರಗಟ್ಟಲೆ ವಾದಿಸಿ, ಪುಸ್ತಕ ತೋರಿಸಿ ಸೋತಿದ್ದೆ. ದೇಶವೇ ಇರಲಿಲ್ಲವೆಂದು ಮಕ್ಕಳಿಗೆ ಹೇಳುವುದು ಅವಮಾನವಂತೆ.

ಇಂದು ಬಣ್ಣದವನು ಕೆಲಸ ಮುಗಿಸಿ ಏಣಿ ಎತ್ತಿಕೊಂಡು ಹೊರಟಿದ್ದ. ಸಿಟ್ಟಿನಲ್ಲಿ ಮರೆತೇ ಹೋಗಿದ್ದ ಸಂಗತಿ ಆಗ ಹೊಳೆಯಿತು: ಅವರು ಮೋಸಿ ಬುಡಕಟ್ಟಿನವರು, ನಾನು ಸಾಮೋ. ಎರಡು ಬುಡಕಟ್ಟುಗಳದ್ದೂ ತಲೆತಲಾಂತರದ ಗೇಲಿಯ ನಂಟು. ನಾನು ಏನಂದರೂ ಅವರು ಮುನಿಯುವಂತಿಲ್ಲ, ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಏಣಿಗೆ ಅಡ್ಡ ಕುಳಿತು ನಿಕಿಯೆಮಾ ಅವರನ್ನೇ ಕೂಗಿದೆ.

"ಏ ನನ್ನ ಆಳೇ, ನಿಮ್ಮ ಕೂಡುಗು ಆಗ ಐವರಿ ಕೋಸ್ಟಿಗೆ ಸೇರಿತ್ತು. ಅಷ್ಟು ವರ್ಷ ಸಮುದ್ರ ಇಟ್ಕೊಂಡು ನಮಗೆ ಒಂದು ಮೀನೂ ಕಳಿಸಲಿಲ್ಲ. ಅದಕ್ಕೇ ಮುಚ್ಚಿಡ್ತಿದೀಯಾ?"

ಉಳಿದ ಟೀಚರುಗಳೆಲ್ಲ ನಕ್ಕರು. ನಿಕಿಯೆಮಾ ಅವರೂ ನಕ್ಕುಬಿಟ್ಟರು.

"ನಾಯಿತಲೆ ತಿನ್ನೋ ಸಾಮೋ ಮುದುಕಾ, ನಿಮ್ಮನ್ನ ಮಾಲಿಗೆ ಕೊಟ್ರೆ ಅವರೂ ವಾಪಸ್ ಕಳಿಸಿದ್ರು. ಏಳು, ಬರೆಸ್ತೀನಿ."

ಮೂರು ಪಾಲಾದ ದೇಶದ ನಕ್ಷೆ ಗೋಡೆಗೆ ಬಂತು; ಬಣ್ಣ ಒಣಗುವವರೆಗೂ ನಿಂತು ನೋಡಿದೆ. ಮಾಲಿಯ ಪಾಲಿನಲ್ಲಿ ಅಪ್ಪನ ಊರು ತೂಗಾನ್ ಕೂಡ ಬಂದಿದೆ. ನೈಜರ್ ಕಡೆಯ ಗೆರೆ ಮಾತ್ರ ಸೊಟ್ಟಗಿದೆ. ನಾಳೆಯೇ ಹೇಳಬೇಕು. ಬೇಡ, ಒಂದೆರಡು ದಿನ ಅವರೂ ನೆಮ್ಮದಿಯಾಗಿರಲಿ, ನಾನೂ...